ಇರುವವರ ಸಾಲಿನಲ್ಲಿ ಗ್ರಿಗೋರೆ

ಆ ಶನಿವಾರ ಅಗ್ಲಾಯಾಳ ಅಡುಗೆಮನೆಯಲ್ಲಿ ಜಗಳ ಹುಟ್ಟಿದ್ದು ಜೇನಿನ ಜಾಡಿಯಿಂದ. ಮೊಮ್ಮಗಳು ದೆನಿಸಾ ತನ್ನ ಫೋನನ್ನು ಅದಕ್ಕೆ ಆನಿಸಿ ನಿಲ್ಲಿಸಿದ್ದಳು. ಮುದುಕ ಕೊಸ್ತಾಕೆಗೆ ಅದೇ ಹೊತ್ತಿಗೆ ಚಹಾಕ್ಕೆ ಜೇನು ಬೇಕಾಯಿತು.

"ತಾತ, ಮುಟ್ಬೇಡಿ! ಇನ್ನೇನು ಲೈವ್ ಶುರು ಮಾಡ್ಬೇಕು."

"ಜೇನು ನಂದು, ಚಹಾ ನಂದು. ನಿನ್ನ ಲೈವನ್ನ ತಗೊಂಡೋಗಿ ಕಿಟಕಿಗೆ ಆನ್ಸಿಡು."

"ಅಷ್ಟು ದೂರ ಇಟ್ರೆ ಅಜ್ಜಿ ಮುಖಾನೇ ಕಾಣಲ್ಲ."

"ಐವತ್ತು ವರ್ಷದಿಂದ ನೋಡ್ತಿದೀನಿ ಆ ಮುಖಾನ. ಕಾಣದೆ ಇದ್ರೂ ಲುಕ್ಸಾನಿಲ್ಲ."

"ಕೇಳಿಸ್ತು ಮುದುಕಾ," ಎಂದಳು ಅಗ್ಲಾಯಾ ಒಲೆಯ ಮುಂದಿನಿಂದ. "ಮಂದವಾಗಿರೋದು ನನ್ನ ಕಣ್ಣು, ಕಿವಿಯಲ್ಲ."

ಇದನ್ನೆಲ್ಲ ನಾನು ಕೇಳಿದ್ದು ಇಟಲಿಯಲ್ಲಿ, ನಾನು ನೋಡಿಕೊಳ್ಳುವ ಮುದುಕಿಗೆ ಗಂಜಿ ಕುಡಿಸುತ್ತಾ. ದೆನಿಸಾಳ ಬೆರಳು ಆಗಲೇ ಗುಂಡಿ ಒತ್ತಿಬಿಟ್ಟಿತ್ತು, ಅವಳಿಗೇ ಗೊತ್ತಿರಲಿಲ್ಲ. ಮುನ್ನೂರು ಜನ ಈ ಜೇನಿನ ವ್ಯಾಜ್ಯ ಕೇಳಿ ಬಿದ್ದು ಬಿದ್ದು ನಕ್ಕೆವು. ಊರಿನಲ್ಲಿ ಅಗ್ಲಾಯಾಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಬೇಲಿ. ಈ ಕಥೆಯಲ್ಲಿ ಸ್ವಲ್ಪವನ್ನು ನಾನು ಫೋನಿನಲ್ಲೇ ನೋಡಿದೆ. ಮಿಕ್ಕದ್ದನ್ನು ಆ ಮನೆಯವರೇ ಒಬ್ಬೊಬ್ಬರು ಒಂದೊಂದು ಚೂರಾಗಿ ಬೇಸಿಗೆಯಲ್ಲಿ ಹೇಳಿದರು.

ನಮ್ಮ ಕಡೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಶನಿವಾರವೆಂದರೆ ಸತ್ತವರ ದಿನ. ಅವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ, ಆಕ್ರೋಟದ ಪುಡಿ, ನಿಂಬೆ ಸಿಪ್ಪೆ ಬೆರೆಸಿ, ಮೇಲೆ ಶಿಲುಬೆ ಬರೆದು, ಹೆಸರು ಓದಿ, ಚರ್ಚಿಗೆ ಒಯ್ದು ಹಂಚುತ್ತಾರೆ. ಇದಕ್ಕೆ ಕೊಲಿವಾ ಎನ್ನುತ್ತಾರೆ. ಇದು ಸಿಗದ ಸತ್ತವರು ಆ ಲೋಕದಲ್ಲಿ ಹಸಿದು ಕೂರುತ್ತಾರಂತೆ. ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ನಮ್ಮಮ್ಮನಿಗೆ ಒಂದು ವರ್ಷ ಕೊಡಲಾಗಲಿಲ್ಲ, ಆ ವರ್ಷವೆಲ್ಲ ನನಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಊರಿನ ಅರ್ಧ ಜನ ನಾವು ಹೊರಗಿದ್ದೇವೆ. ಕೆಲವರು ಮುದುಕರನ್ನು ತೊಳೆಯಲು ಇಟಲಿಗೆ, ಕೆಲವರು ಹಂದಿ ಕೊಯ್ಯಲು ಜರ್ಮನಿಗೆ, ಕೆಲವರು ತರಕಾರಿ ಕೀಳಲು ಸ್ಪೇನಿಗೆ. ಶನಿವಾರ ರಜೆ ಕೊಡಿ, ನಮ್ಮ ಸತ್ತವರು ಕಾಯುತ್ತಾರೆ ಎಂದರೆ ಯಾವ ಧಣಿ ಕೇಳುತ್ತಾನೆ? ಹಾಗಾಗಿ ಹೋದ ಶರತ್ಕಾಲದಲ್ಲಿ, ಆಗಲೂ ಇಂಥ ಶನಿವಾರಗಳುಂಟು, ದೆನಿಸಾ ಅಜ್ಜಿಯನ್ನು ಫೋನಿನ ಮುಂದೆ ಕೂರಿಸಿದಾಗ ನಾವೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿಕೊಂಡೆವು.

ಹುಡುಗಿಗೆ ಹದಿನೇಳು ವರ್ಷ, ತಲೆ ಓಡುತ್ತದೆ. ನಾವು ಹೆಸರು ಬರೆದು, ಬದುಕಿರುವವರಿಗಾದರೆ ಹೂವಿನ ಗುರುತನ್ನೂ, ತೀರಿಕೊಂಡವರಿಗಾದರೆ ಮೇಣದ ಬತ್ತಿಯ ಗುರುತನ್ನೂ ಒತ್ತಬೇಕು. ಪರದೆ ಇದ್ದದ್ದು ದೆನಿಸಾಳ ಕಡೆಗೆ, ಕ್ಯಾಮೆರಾ ಅಜ್ಜಿಯ ಕಡೆಗೆ. ಅವಳು ಒಂದೊಂದೇ ಹೆಸರು ಓದುವಳು, ಮೇಜಿನ ಆ ಬದಿ ಗೋಧಿಯ ತಟ್ಟೆ ಮುಂದಿಟ್ಟುಕೊಂಡ ಅಗ್ಲಾಯಾ ಅದನ್ನು ತಿರುಗಿ ಹೇಳುವಳು. ಮೊದಲು ಇರುವವರ ಸಾಲು, ಆಮೇಲೆ ಹೋದವರ ಸಾಲು.

"ದೀಕ್ಷಾಸ್ನಾನದ ಹೆಸರು ಮಾತ್ರ ಬರೀರಿ," ಎಂದು ಅಗ್ಲಾಯಾ ಪ್ರತಿ ಸಲ ಗದರುತ್ತಿದ್ದಳು. "ಮನೆತನ ಬೇಡ, ಊರು ಬೇಡ. ಯಾರು ಯಾರಂತ ದೇವ್ರಿಗೆ ಗೊತ್ತು. ಮತ್ತೆ ಸಾಲು ತಪ್ಪಿಸ್ಬೇಡಿ! ಬದುಕಿರೋರನ್ನ ಹೋದವರ ಜೊತೆ ಓದಿದ್ರೆ ಅವರ ಆಯುಸ್ಸು ಕರಗುತ್ತೆ. ಆ ಪಾಪ ನನ್ನ ತಲೆಗೆ ತರ್ಬೇಡಿ."

ಇರುವವರ ಸಾಲಿನಲ್ಲಿ ಅವಳು ಮೊದಲು ಹೇಳುತ್ತಿದ್ದ ಹೆಸರು ಗ್ರಿಗೋರೆ. ಅವಳ ಒಬ್ಬನೇ ಮಗ, ದೆನಿಸಾಳ ಅಪ್ಪ. ಆರು ವರ್ಷದ ಹಿಂದೆ ಸ್ಪೇನಿಗೆ ಹೋದ. ಮೊದಲು ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಆ ನಂಬರೇ ಇಲ್ಲವಾಯಿತು. ನಮ್ಮ ನದಿಯಾಚೆಯ ಸೀಮೆಯ ಹೆಂಗಸೊಬ್ಬಳ ಜೊತೆ ಅವನನ್ನು ಅಲ್ಲಿ ಕಂಡೆವೆಂದು ಪಕ್ಕದೂರಿನವರು ಸುದ್ದಿ ತಂದರು. ಅವನ ಹೆಂಡತಿ ಮಾರ್ಚೆಲಾ ಆ ಸುದ್ದಿಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಪಟ್ಟಣದ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರು ಹೊಲಿಯುತ್ತಾಳೆ. ಅಲ್ಲಿ ಯಾರು ಕೇಳಿದರೂ "ಬರ್ತಾರೆ" ಎನ್ನುತ್ತಿದ್ದಳು. ಯಾವಾಗ ಎಂದು ಯಾರೂ ಮುಂದೆ ಕೇಳುತ್ತಿರಲಿಲ್ಲ.

ಲೈವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕ್ಯಾಮೆರಾಕ್ಕೆ ಒಮ್ಮೆಯೂ ಮುಖ ಕೊಟ್ಟವಳಲ್ಲ. ಅವಳ ಬೆನ್ನು ಮಾತ್ರ ಒಲೆಯ ಹತ್ತಿರ ಕಾಣುತ್ತಿತ್ತು.

"ಯಾರಿಗೋಸ್ಕರ ಈ ನಾಟಕ?" ಎಂದು ಒಮ್ಮೆ ಆಲೂಗಡ್ಡೆ ಸುಲಿಯುತ್ತಾ ಮಗಳನ್ನು ಕೇಳಿದಳು.

"ನಾಟಕ ಅಲ್ಲಮ್ಮ. ಜನಕ್ಕೆ ಬೇಕು. ಅವರು ಫೋನಲ್ಲಿ ಕಳಿಸೋ ಉಡುಗೊರೆ ದುಡ್ಡಲ್ಲೇ ಅಲ್ವಾ ಗೋಧಿ, ಆಕ್ರೋಟ, ಸೌದೆ ಎಲ್ಲಾ ಬಂದಿದ್ದು?"

"ಸುಳ್ಳು ಹೇಳ್ಬೇಡ. ಸ್ಪೇನಲ್ಲಿ ಒಬ್ಬ ನೋಡ್ತಾನೆ ಅಂತ ತಾನೇ?"

ದೆನಿಸಾ ಮೇಜಿನ ಮೇಲಿನ ಸಿಪ್ಪೆಯನ್ನು ಗುಡ್ಡೆ ಮಾಡಿದಳು.

"ನೋಡೋನಾಗಿದ್ರೆ ಫೋನ್ ಮಾಡ್ತಿದ್ದ. ಸಿಪ್ಪೆ ತಗೊಂಡ್ಹೋಗಿ ಕೋಳಿಗೆ ಹಾಕು."

ಹೀಗೆನ್ನುವ ಮಾರ್ಚೆಲಾಳೇ ಲೈವ್ ಮುಗಿದ ಮೇಲೆ, "ಇವತ್ತು ಎಷ್ಟು ಜನ ಬಂದಿದ್ರು? ಸ್ಪೇನಿಂದ?" ಎಂದು ನೆಲ ಒರೆಸುತ್ತಾ, ತಲೆಯೆತ್ತದೆ ಕೇಳುತ್ತಿದ್ದಳು. ಮಗಳಿಗೆ ಆಗ ಅಮ್ಮನ ಮೇಲಿನ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು.

ಉಪವಾಸ ಶುರುವಾದ ಮೇಲೆ ನೋಡುವವರು ಹೆಚ್ಚಿದರು. ಜೇನಿನ ಜಗಳದಿಂದ ಕೊಸ್ತಾಕೆ ಹೆಸರುವಾಸಿಯಾಗಿದ್ದ. ಮುಂದಿನ ಶನಿವಾರ ದೆನಿಸಾ, "ತಾತ ಇವತ್ತು ಬೈತಾರಾ ಇಲ್ವಾ?" ಎಂದು ಮತ ಹಾಕಿಸಿದಳು. ಬೈಯುತ್ತಾರೆ ಎಂದು ಎಲ್ಲರೂ ಒತ್ತಿದೆವು. ಮುದುಕ ಹಿಂದಿನ ರಾತ್ರಿಯೇ ಗಡ್ಡ ಬೋಳಿಸಿಕೊಂಡು, ಒಳ್ಳೆಯ ಟೋಪಿ ಹಾಕಿಕೊಂಡು, ಏನೂ ಅರಿಯದವನಂತೆ ಕ್ಯಾಮೆರಾದ ಮುಂದೆ ಹಾದುಹೋದ.

"ಸತ್ತವರ ಗೋಧಿ ಫೋನಲ್ಲಿ ಓದಿದ್ರೆ ತಲುಪಲ್ಲ ಅಂತ ಪಾದ್ರಿ ಹೇಳಿದ್ರು," ಎಂದ.

"ಆಮೇಲೆ ಚರ್ಚಿಗೂ ತಗೊಂಡ್ಹೋಗ್ತೀನಲ್ಲ. ಅವರ ಪಾಲಿನ ತಟ್ಟೆ ಅವರಿಗೆ ತಲುಪುತ್ತೆ ಬಿಡು," ಎಂದಳು ಅಗ್ಲಾಯಾ.

ಸತ್ತವರ ನೆಪದಲ್ಲಿ ನಗಬಾರದು. ಆದರೆ ವಾರವೆಲ್ಲ ಪರರ ಮನೆಯಲ್ಲಿ ತಲೆತಗ್ಗಿಸಿ ಇದ್ದವರಿಗೆ ಆ ನಗು ಎಲ್ಲಿ ಸಿಗಬೇಕು? ಕೊನೆಗೆ ಅಗ್ಲಾಯಾ ಗೋಧಿಯ ಚಮಚ ನಮ್ಮ ಕಡೆ ಎತ್ತಿ ಹಿಡಿಯುವಳು. ಕೈಗೆ ಬಂದಂತೆಯೇ ಭಾವಿಸಿ, ಗೋಧಿ ಇಸಿದುಕೊಳ್ಳುವಾಗ ಹೇಳುವ "ಬೊಗ್ದಾಪ್ರೊಸ್ತೆ" ಎಂಬ ಮಾತನ್ನು ನಾವೆಲ್ಲ ಬರೆಯುವೆವು.

ಅದಾದ ಮುಂದಿನ ಶನಿವಾರ ದೆನಿಸಾ ಹೊಸದೊಂದು ಹೂಡಿದಳು. ನಮ್ಮಲ್ಲಿ ಗೋಧಿಯ ಜೊತೆಗೆ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿಯನ್ನೂ ಮಾಡಿ ನೆರೆಯವರಿಗೆ ಕೊಡುವುದುಂಟು. "ನಿಮ್ಮವರಿಗೆ ಏನಿಷ್ಟ ಇತ್ತು, ಬರೀರಿ. ಯಾವುದಕ್ಕೆ ಹೆಚ್ಚು ಮತ ಬರುತ್ತೋ ಅದನ್ನ ಅಜ್ಜಿ ಮಾಡಿ ಅವರ ಹೆಸರಲ್ಲಿ ಕೊಡ್ತಾರೆ," ಎಂದಳು.

ಬರೆದೆವು ನೋಡಿ! ಅಕ್ಕಿ ತುಂಬಿದ ಎಲೆಕೋಸು. ಹುರುಳಿಕಾಯಿ ಉಪ್ಪಿನಕಾಯಿ. ನಾನು ನಮ್ಮಮ್ಮನಿಗೆಂದು ಅಣಬೆಯ ಪಲ್ಯ ಬರೆದೆ. ಒಬ್ಬ ಹುರಿದ ಮೀನು ಎಂದ.

"ಉಪವಾಸದಲ್ಲಿ ಮೀನಾ?" ಎಂದಳು ಅಗ್ಲಾಯಾ. "ಸತ್ತ ಮೇಲೂ ನಾಲಿಗೆ ಚಪಲ ಹೋಗಿಲ್ವಾ ನಿಮ್ಮಪ್ಪಂಗೆ? ಈಸ್ಟರ್‌ವರೆಗೂ ಕಾಯಕ್ಕೆ ಹೇಳು."

ದೆನಿಸಾ ಮುಂದಿನದನ್ನು ಓದಿದಳು. "ಲ್ಯೂಬಾ ಅನ್ನೋರು ಬರ್ದಿದಾರೆ ಅಜ್ಜಿ. ‘ನನ್ನ ಗ್ರಿಗೋರೆಗೆ ಜೋಳದ ಮುದ್ದೆಯ ಪಾತ್ರೆ ಕೆರೆದು ತೆಗೆದ ಸೀಕು ಇಷ್ಟ. ಅದಕ್ಕೆ ಬೆಳ್ಳುಳ್ಳಿ ಗೊಜ್ಜು, ಅದರ ಮೇಲೆ ಪ್ಲಮ್ ಹಣ್ಣಿನ ಜಾಮು.’"

ಗ್ರಿಗೋರೆ ಎಂಬ ಹೆಸರು ನಮ್ಮ ಕಡೆ ಅಪರೂಪವೇನಲ್ಲ. ಹೋದವರ ಸಾಲಿನಲ್ಲಿ ಪ್ರತಿವಾರ ಇಬ್ಬರು ಮೂವರು ಇರುತ್ತಿದ್ದರು, ಅದರಲ್ಲೊಂದು ಬತ್ತಿ ಈ ಲ್ಯೂಬಾಳದು. ಅಗ್ಲಾಯಾ ಕಣ್ಣೀರು ಬರುವಷ್ಟು ನಕ್ಕಳು.

"ಬೆಳ್ಳುಳ್ಳಿ ಮೇಲೆ ಜಾಮಾ! ಅಯ್ಯೋ, ಜಗತ್ತಲ್ಲಿ ಅಂಥ ಹುಚ್ಚ ನನ್ನ ಮಗ ಒಬ್ಬನೇ ಅಂದ್ಕೊಂಡಿದ್ದೆ. ಚಿಕ್ಕೋನಿದ್ದಾಗ ಇದನ್ನ ತಿನ್ನೋದು ನೋಡಿ ಅವರಪ್ಪ ಊಟ ಬಿಟ್ಟು ಎದ್ದು ಹೋಗ್ತಿದ್ರು. ಲ್ಯೂಬಾ, ಮಗಾ, ಮತ ಗಿತ ಏನೂ ಬೇಡ. ನಿನ್ನವನಿಗೆ ಅದನ್ನೇ ಮಾಡ್ತೀನಿ."

ಒಲೆಯ ಬಳಿಯ ಬೆನ್ನು ಆಗ ತಿರುಗಿದ್ದನ್ನು ನಾನು ನೋಡಿದೆ. ಮಾರ್ಚೆಲಾಳ ಕೈಯಲ್ಲಿ ಈರುಳ್ಳಿ ಇತ್ತು, ಕಣ್ಣು ಫೋನಿನ ಮೇಲಿತ್ತು. ನಾನು ಅದಕ್ಕೆ ಏನೂ ಅರ್ಥ ಹಚ್ಚಲಿಲ್ಲ.

ಅಗ್ಲಾಯಾ ಚರ್ಚಿಗೆ ಹೊರಟ ಮೇಲೆ ಮಾರ್ಚೆಲಾ ಕೋಳಿ ಗೂಡಿನ ಹಿಂದೆ ಮಗಳ ತೋಳು ಹಿಡಿದಳು.

"ಆ ಹೆಂಗಸು ಎಲ್ಲಿಯವಳು?"

"ಗೊತ್ತಿಲ್ಲಮ್ಮ. ಉಪವಾಸದ ಮೊದಲ ಶನಿವಾರದಿಂದ ಬರ್ತಿದಾಳೆ. ಬತ್ತಿ ಒತ್ತಿ ಹೋಗ್ತಾಳೆ."

"ಬರಿ ಅವಳಿಗೆ. ನಿನ್ನ ಗ್ರಿಗೋರೆ ಯಾರು ಅಂತ ಕೇಳು."

"ಅಮ್ಮ, ಆ ಹೆಸರು ಎಷ್ಟೋ ಜನಕ್ಕೆ..."

"ಹೆಸರು ಎಷ್ಟೋ ಜನಕ್ಕಿರುತ್ತೆ. ಬೆಳ್ಳುಳ್ಳಿ ಮೇಲೆ ಜಾಮು ಎಷ್ಟು ಜನ ತಿಂತಾರೆ? ಬರಿ ಅಂದ್ನಲ್ಲ!"

ಸಂಜೆ ಅಗ್ಲಾಯಾ ಮಾತು ತಪ್ಪಲಿಲ್ಲ. ಜೋಳದ ಮುದ್ದೆ ತೊಳಸಿ, ಬೇಕೆಂದೇ ತಳ ಹಿಡಿಸಿ, ಸೀಕು ಕೆರೆದು, ಗೊಜ್ಜು ಸವರಿ, ಜಾಮು ಹಚ್ಚಿ, ಬೇಲಿಯಾಚೆ ನಮ್ಮ ತಮ್ಮನ ಕೈಗೆ ಕೊಟ್ಟಳು. "ಗ್ರಿಗೋರೆ ಹೆಸರಲ್ಲಿ, ಲ್ಯೂಬಾ ಕೊಟ್ಟಿದ್ದು," ಎಂದಳು. ಅವನು ಬೊಗ್ದಾಪ್ರೊಸ್ತೆ ಎಂದು ಇಸಿದುಕೊಂಡು, ಅವಳು ಒಳಗೆ ಹೋದ ಮೇಲೆ ನಾಯಿಗೆ ಹಾಕಿದ. ನಾಯಿ ಜಾಮು ನೆಕ್ಕಿ ಮಿಕ್ಕದ್ದನ್ನು ಬಿಟ್ಟಿತು.

ಲ್ಯೂಬಾಳ ಉತ್ತರ ಬುಧವಾರ ಬಂತು. ದೆನಿಸಾ ಅದನ್ನು ಓದಿ, ಮನೆಯಲ್ಲಿರಲಾರದೆ, ಅಮ್ಮನ ವ್ಯಾನು ನಿಲ್ಲುವ ರಸ್ತೆ ಬದಿಗೆ ಹೋಗಿ ನಿಂತಳು. ಮಾರ್ಚೆಲಾ ಇಳಿದವಳೇ ಮಗಳ ಮುಖ ನೋಡಿ, ಕೈಚೀಲವನ್ನು ಕೆಸರೆಂದೂ ನೋಡದೆ ಕೆಳಗಿಟ್ಟಳು.

"ಓದು."

"ಅಮ್ಮ, ಮನೆಗೆ ಹೋಗಿ..."

"ಇಲ್ಲೇ ಓದು."

ದೆನಿಸಾ ಓದಿದಳು. "‘ಕ್ಷಮಿಸಿ. ಅವರೇ. ಜನವರಿಯಲ್ಲಿ ಹೋದರು. ಶರತ್ಕಾಲದಲ್ಲಿ ನಿಮ್ಮ ಲೈವನ್ನು ಇಬ್ಬರೂ ಕೂತು ನೋಡುತ್ತಿದ್ದೆವು. ಪ್ರತಿ ಸಲ ಹೆಸರು ಬರೆಯದೆ ಒಂದು ಹೂವು ಒತ್ತಿ ಸುಮ್ಮನಾಗುತ್ತಿದ್ದರು. ಬರೆಯಿರಿ ಎಂದರೆ, ಯಾವ ಮುಖದಿಂದ ಬರೆಯಲಿ ಎನ್ನುತ್ತಿದ್ದರು. ಕಾಯಿಲೆ ಬಿದ್ದಾಗ, ಅಮ್ಮ ನನ್ನನ್ನು ಇರುವವರ ಸಾಲಿನಲ್ಲಿ ಓದುತ್ತಾಳೆ, ಓದುತ್ತಲೇ ಇರಲಿ, ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಆಸ್ಪತ್ರೆಯಲ್ಲೂ ತನಗೆ ಯಾರೂ ಇಲ್ಲವೆಂದೇ ಬರೆಸಿದರು. ನಾನು ಹೇಳಲಿಲ್ಲ. ಆದರೆ ಗೋಧಿಯಿಲ್ಲದೆ ಇರಿಸಲು ನನಗೆ ಮನಸ್ಸು ಬರಲಿಲ್ಲ.’"

ಮಾರ್ಚೆಲಾ ಚೀಲ ಎತ್ತಿಕೊಂಡು ಕೆಸರು ಒರೆಸಿದಳು.

"ಅಷ್ಟೇನಾ?"

"ಅಷ್ಟೇ. ಫೋನ್ ಮಾಡ್ಲಾ ಅಂತ ಕೇಳಿದಾಳೆ."

"ಬೇಡ. ಇನ್ನು ಅವಳಿಗೆ ಒಂದಕ್ಷರ ಬರೆದ್ರೆ ನಿನ್ನ ಫೋನ್ ಬಾವಿಗೆ ಹಾಕ್ತೀನಿ. ನಡಿ, ಹುರುಳಿ ನೆನೆಹಾಕಿ ಬಂದಿದೀನಿ."

ಆ ರಾತ್ರಿ ಹುರುಳಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕೊಸ್ತಾಕೆ ಒಂದು ಚಮಚ ಬಾಯಿಗಿಟ್ಟು, "ಸಮುದ್ರದ ನೀರಲ್ಲಿ ಬೇಯಿಸಿದ್ಯೇನಮ್ಮ?" ಎಂದ.

"ಉಣ್ಣೋದಾದ್ರೆ ಉಣ್ಣಿ ಮಾವ. ಇಲ್ಲಾಂದ್ರೆ ಬಿಡಿ."

"ಸೊಸೆಗೆ ಏನಾಗಿದೆ?" ಎಂದು ಅಗ್ಲಾಯಾ ಕೇಳಿದಳು.

"ಗಾರ್ಮೆಂಟ್ಸಲ್ಲಿ ಕೆಲಸ ಜಾಸ್ತಿ ಅಜ್ಜಿ," ಎಂದಳು ದೆನಿಸಾ.

ಮರುದಿನ ಬೆಳಗ್ಗೆ ಮಾರ್ಚೆಲಾ ಸೌದೆ ಕೊಟ್ಟಿಗೆಗೆ ಹೋಗಿ ಮಾವನಿಗೆ ಹೇಳಿದಳು. ಮುದುಕ ಕೊಡಲಿ ಇಳಿಸಲಿಲ್ಲ. ಹಿಡಿದಿದ್ದ ತುಂಡನ್ನು ಸೀಳಿ, ಇನ್ನೊಂದನ್ನು ಇಟ್ಟು, ಅದನ್ನೂ ಸೀಳಿ, ಆಮೇಲೆ ಅದೇ ಕೊರಡಿನ ಮೇಲೆ ಕೂತ.

"ಎಲ್ಲಿ ಮಣ್ಣು ಮಾಡಿದ್ರಂತೆ?"

"ಗೊತ್ತಿಲ್ಲ ಮಾವ. ಅಲ್ಲಿ ಬಡವರನ್ನ ಗೋಡೆಯೊಳಗಿಟ್ಟು ಮುಚ್ತಾರಂತೆ, ಗೂಡಿನ ಥರ. ನಮ್ಮ ಗಾರ್ಮೆಂಟ್ಸಿನವಳು ಯಾವಾಗಲೋ ಹೇಳಿದ್ಲು."

"ಗೋಡೇಲಾ?" ಎಂದ ಮುದುಕ. "ಮಣ್ಣೇ ಇಲ್ವಾ?" ಜೀವಮಾನವೆಲ್ಲ ಟ್ರಾಕ್ಟರಿನಲ್ಲಿ ಮಣ್ಣು ಉತ್ತವನು. ಮಗ ಹೋದದ್ದಕ್ಕಿಂತ ಅದನ್ನೇ ಅವನ ಬಾಯಿ ಮತ್ತೆ ಮತ್ತೆ ಹೇಳಿತು. ಆಮೇಲೆ ಟೋಪಿಯಿಂದ ಮೂಗು ಒರೆಸಿಕೊಂಡು, "ನಿಮ್ಮತ್ತೆಗೆ ಈಸ್ಟರ್ ಕಳಿಯೋವರೆಗೂ ಹೇಳ್ಬೇಡ. ಉಪವಾಸದಲ್ಲಿ ಮೈ ಸೋತಿದೆ, ಬಿದ್ರೆ ಏಳಲ್ಲ," ಎಂದ.

ಇದು ತಾಯಿ ಮಗಳ ನಡುವೆ ದೊಡ್ಡ ಜಗಳವಾಯಿತು. ಬಟ್ಟೆ ಒಣಹಾಕುವ ಹಗ್ಗದ ಎರಡು ಬದಿಯಲ್ಲಿ ನಿಂತು, ಅಗ್ಲಾಯಾಗೆ ಕೇಳಿಸದ ಹಾಗೆ ಪಿಸುದನಿಯಲ್ಲೇ ಕಿತ್ತಾಡಿದರು.

"ಶನಿವಾರ ನಾನು ಹೇಗಮ್ಮ ಓದ್ಲಿ? ಅಪ್ಪನ ಹೆಸರು ಇರೋರ ಸಾಲಲ್ಲಿ?"

"ಇಷ್ಟು ದಿನ ಹೇಗೆ ಓದ್ದೆ, ಹಾಗೇ."

"ಇಷ್ಟು ದಿನ ಗೊತ್ತಿರ್ಲಿಲ್ಲ!"

"ನಂಗೂ ಗೊತ್ತಿರ್ಲಿಲ್ಲ. ನಾನು ಕೆಲ್ಸಕ್ಕೆ ಹೋಗಿ ಬರ್ತಾ ಇಲ್ವಾ? ಅಳ್ತಾ ಕೂತಿದೀನಾ?"

"ನಿಂಗೆ ಅಳು ಬರ್ತಿಲ್ಲ, ಅವಳ ಮೇಲೆ ಹೊಟ್ಟೆಕಿಚ್ಚು."

ಮಾರ್ಚೆಲಾ ಒದ್ದೆ ಟವೆಲಿನಿಂದಲೇ ಮಗಳ ಕೆನ್ನೆಗೆ ಬಾರಿಸಿದಳು. ತಕ್ಷಣ ಅದೇ ಟವೆಲಿನಿಂದ ಒರೆಸಿದಳು.

"ಹೌದು, ಹೊಟ್ಟೆಕಿಚ್ಚು," ಎಂದಳು. "ಅವನು ನಮ್ಮನ್ನ ನೋಡಿದ. ಈ ಅಡುಗೆಮನೆ, ನನ್ನ ಬೆನ್ನು, ಎಲ್ಲಾ ನೋಡಿದ. ಒಂದು ಮಾತು ಬರೀಲಿಲ್ಲ. ಸಾಯೋವಾಗ ಪಕ್ಕದಲ್ಲಿ ಇದ್ದೋಳು ಅವಳು. ನಾನೇನು ಮಾಡ್ಲಿ, ಹೇಳು."

ಶರತ್ಕಾಲದ ಆ ಲೈವುಗಳಲ್ಲಿ ಬಂದ ಹೂವುಗಳಲ್ಲಿ ಅಪ್ಪನದು ಯಾವುದಿರಬಹುದೆಂದು ದೆನಿಸಾ ಎರಡು ದಿನ ಹುಡುಕಿದ್ದಳು. ಹೆಸರು ಬರೆಯದೆ ಒತ್ತಿದ ಹೂವು ಒಂದರಂತೆ ಇನ್ನೊಂದು ಇರುತ್ತದೆ.

ಆ ಶನಿವಾರ ಅವಳು ಹೇಗೋ ಓದಿದಳು. ಇರುವವರ ಸಾಲಿನಲ್ಲಿ "ಗ್ರಿಗೋರೆ" ಎಂದಳು, ಅಗ್ಲಾಯಾ "ನನ್ನ ಗ್ರಿಗೋರೆ, ಎಲ್ಲಿದ್ರೂ ಆರೋಗ್ಯವಾಗಿರ್ಲಿ" ಎಂದಳು. ಹೋದವರ ಸಾಲಿನಲ್ಲಿ ಲ್ಯೂಬಾಳ ಬತ್ತಿ ಬಂತು. ದೆನಿಸಾ ಅದನ್ನೂ ಓದಿದಳು, ಅಗ್ಲಾಯಾ ಅದನ್ನೂ ತಿರುಗಿ ಹೇಳಿದಳು. ಮತ ಹಾಕಿಸುವುದು, ಪ್ರಶ್ನೆ ಕೇಳುವುದು ಯಾವುದೂ ಅಂದು ನಡೆಯಲಿಲ್ಲ. ತಾತ ಎಲ್ಲಿ, ತಾತ ಎಲ್ಲಿ ಎಂದು ನಾವೆಲ್ಲ ಬರೆದೆವು. ಸೌದೆ ಒಡೀತಿದಾರೆ ಎಂದಷ್ಟೇ ಉತ್ತರ ಬಂತು. ಆ ತಿಂಗಳು ಆ ಮನೆಯಲ್ಲಿ ಎರಡು ಚಳಿಗಾಲಕ್ಕಾಗುವಷ್ಟು ಸೌದೆ ಒಡೆದಾಗಿತ್ತು.

ಆಮೇಲೆ ಲಾಜರನ ಶನಿವಾರ ಬಂತು. ಈಸ್ಟರಿಗೆ ಮುಂಚೆ ಸತ್ತವರಿಗೆ ಗೋಧಿ ಕೊಡುವ ಕೊನೆಯ ದಿನ. ನಾನೂರಕ್ಕಿಂತ ಹೆಚ್ಚು ಜನ ಸೇರಿದ್ದೆವು. ಅಗ್ಲಾಯಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು, ತಟ್ಟೆಯ ಸುತ್ತ ಬತ್ತಿ ನೆಟ್ಟುಕೊಂಡು ಕೂತಿದ್ದಳು. ಹಿಂದೆ ಒಲೆಯ ಬಳಿ ಮಾರ್ಚೆಲಾಳ ಬೆನ್ನು.

"ಶುರು ಮಾಡು ಮಗಾ. ಇರೋರು ಮೊದಲು."

ದೆನಿಸಾ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಫೋನು ಕುಟ್ಟಿದೆ.

"ಏನಾಯ್ತೇ? ಗ್ರಿಗೋರೆಯಿಂದ ಶುರು ಮಾಡು."

ಆಗಲೂ ಇಲ್ಲ. ಹುಡುಗಿಯ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಮಾರ್ಚೆಲಾ ತಿರುಗಿ, "ಓದೇ," ಎಂದಳು.

"ಆಗಲ್ಲಮ್ಮ. ನನ್ನ ಕೈಲಾಗಲ್ಲ."

ಅಗ್ಲಾಯಾ ಒಮ್ಮೆ ಮೊಮ್ಮಗಳ ದನಿ ಬಂದ ಕಡೆ ನೋಡಿದಳು, ಒಮ್ಮೆ ಸೊಸೆಯ ಕಡೆ. ಕಣ್ಣು ಮಂದವಾದವರು ದನಿಯಲ್ಲೇ ಮುಖ ಓದುತ್ತಾರೆ. ಎರಡೂ ಕೈಯನ್ನು ತಟ್ಟೆಯ ಅಕ್ಕಪಕ್ಕ ಮೇಜಿನ ಮೇಲೆ ಚಪ್ಪಟೆಯಾಗಿಟ್ಟಳು.

"ದೆನಿಸಾ," ಎಂದಳು, "ನಿಮ್ಮಪ್ಪನ್ನ ನಾನು ಯಾವ ಸಾಲಲ್ಲಿ ಓದ್ಬೇಕು?"

"ಫೋನ್ ಆರ್ಸು!" ಎಂದು ಮಾರ್ಚೆಲಾ ಕೂಗಿದಳು.

"ಆರಿಸ್ಬೇಡ. ಜನ ಗೋಧಿಗೆ ಬಂದು ಕೂತಿದಾರೆ. ಪಂಕ್ತಿ ಮಧ್ಯದಲ್ಲಿ ಎಬ್ಬಿಸ್ಬಾರ್ದು. ಹೇಳು ಮಗಾ."

"ಹೋದವರ ಸಾಲಲ್ಲಿ, ಅಜ್ಜಿ."

ನಾನು ಗಂಜಿ ಬಟ್ಟಲನ್ನು ಕೆಳಗಿಟ್ಟೆ. ಅಗ್ಲಾಯಾ ಅಳಲಿಲ್ಲ. ತಲೆವಸ್ತ್ರದ ತುದಿಯಿಂದ ಗದ್ದವನ್ನು ಒತ್ತಿ ಹಿಡಿದಳು.

"ಯಾವಾಗ?"

"ಜನವರೀಲಿ."

"ಜನವರಿ," ಎಂದಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನಮಗೆಲ್ಲ ತಿಳಿಯಿತು. "ಆ ಸೀಕಿನವನು? ಲ್ಯೂಬಾ ಬರೀತಿದ್ದ ಗ್ರಿಗೋರೆ?"

"ಹೂಂ ಅಜ್ಜಿ. ಅದು ನಮ್ಮಪ್ಪನೇ."

"ಹಾಗಾದ್ರೆ ಅವನು ಬದುಕಿದ್ದಾಗ ನಾನು ಅವನನ್ನ ಸತ್ತವರ ಜೊತೆ ಓದಿಲ್ಲ. ನನ್ನ ಬಾಯಿಂದ ಹೋಗ್ಲಿಲ್ಲ ಅವನು."

"ಇಲ್ಲ ಅಜ್ಜಿ, ಇಲ್ಲ."

"ಪ್ರತಿ ಶನಿವಾರ ಬರೆದ್ಲಾ ಅವಳು?"

"ಒಂದೂ ತಪ್ಪಿಸಿಲ್ಲ."

ಅಗ್ಲಾಯಾ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. "ನಾನು ಮೂದೇವಿ, ಅವನು ಇದಾನೆ ಅಂತ ಬರಿಗೈಲಿ ಇಟ್ಟಿದ್ದೆ," ಎಂದಳು. "ಅವಳು ಉಣ್ಸಿದ್ಲು. ನನ್ನ ಕೈ ಗೋಧೀನೇ ಉಣ್ಸಿದ್ಲು. ಲ್ಯೂಬಾ, ಇದೀಯಾ ಮಗಾ? ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ."

"ಅತ್ತೆ!" ಮಾರ್ಚೆಲಾ ಸೌಟು ಎಸೆದಳು, ಅದು ಒಲೆಗೆ ಬಡಿದು ಬಿತ್ತು. "ಅವಳಿಗೆ ಆಶೀರ್ವಾದ? ನನ್ನ ಗಂಡನ್ನ ಇಟ್ಕೊಂಡಿದ್ದೋಳಿಗೆ? ಈ ಮನೇಲಿ ಆರು ವರ್ಷ ಕಾದೋಳು ನಾನು! ನಿಮ್ಮ ಕಾಲು ಒತ್ತಿದೋಳು ನಾನು!"

"ಹೂಂ, ನೀನೇ," ಎಂದಳು ಅಗ್ಲಾಯಾ. "ನಿಂಗೆ ಕೊಡಕ್ಕೆ ನನ್ನ ಹತ್ರ ಏನಿದೆ ಹೇಳು, ಕೊಡ್ತೀನಿ. ಇದ್ದೊಬ್ಬ ಮಗನ್ನೇ ಕೊಟ್ಟಿದ್ದೆ."

ಮಾರ್ಚೆಲಾ ಅಲ್ಲೇ ನಿಂತಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ಅತ್ತೆಯ ಪಕ್ಕದ ಸ್ಟೂಲಿನಲ್ಲಿ ಕೂತಳು. ಲೈವಿನಲ್ಲಿ ನಾವು ಅವಳ ಮುಖವನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಗ್ರಿಗೋರೆ ಮದುವೆಯಾಗಿ ಕರೆತಂದಾಗ ಊರಿನ ಕಣ್ಣೆಲ್ಲ ಇವಳ ಮೇಲೆಯೇ ಇತ್ತು. ಈಗ ಬಾಯಿಯ ಎರಡು ಬದಿಗೂ ಗೆರೆ ಬಿದ್ದಿದ್ದವು.

"ಆ ಲ್ಯೂಬಾ ಇದಾಳಾ ಅಲ್ಲಿ?" ಎಂದು ಮಗಳನ್ನು ಕೇಳಿದಳು.

"ಇದಾರೆ ಅಂತ ತೋರಿಸ್ತಿದೆ."

ಮಾರ್ಚೆಲಾ ನೇರ ಕ್ಯಾಮೆರಾವನ್ನು ನೋಡಿದಳು, ನಮ್ಮನ್ನೆಲ್ಲ ನೋಡಿದಳು.

"ಒಂದೇ ಮಾತು ಕೇಳ್ತೀನಿ," ಎಂದಳು. "ಕೊನೇಲಿ ತುಂಬ ನರಳಿದ್ರಾ?"

ತುಸು ಹೊತ್ತಿಗೆ ಉತ್ತರ ಬಂತು. ಪರದೆ ದೆನಿಸಾಳ ಕಡೆಗಿತ್ತು, ಅಲ್ಲಿ ಅವಳೊಬ್ಬಳಿಗೇ ಕಾಣುತ್ತಿತ್ತು. ನಮಗೆ ಎಲ್ಲರಿಗೂ ಕಾಣುತ್ತಿತ್ತು. ಲ್ಯೂಬಾ ಹೀಗೆ ಬರೆದಿದ್ದಳು: ‘ತುಂಬ, ಅಕ್ಕ. ಉಸಿರು ಸಿಗುತ್ತಿರಲಿಲ್ಲ. ರಾತ್ರಿಯೆಲ್ಲ ಕೂಗುತ್ತಿದ್ದರು. ಸಾಕು ಮಾಡಿ ಎಂದು ನಾನೇ ದೇವರನ್ನು ಬೇಡಿಕೊಂಡೆ.’

"ಏನಂತೆ?" ಎಂದಳು ಮಾರ್ಚೆಲಾ.

"ಇಲ್ವಂತೆ ಅಮ್ಮ," ಎಂದಳು ದೆನಿಸಾ. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. "ನಿದ್ದೇಲಿ ಹೋದ್ರಂತೆ. ಗೊತ್ತೇ ಆಗ್ಲಿಲ್ವಂತೆ."

ಜರ್ಮನಿಯಿಂದ ಯಾರೋ ಒಬ್ಬರು ಮೇಣದ ಬತ್ತಿ ಒತ್ತಿದರು. ಇಟಲಿಯಿಂದ ಇನ್ನೊಬ್ಬರು. ನಾನೂ ಒತ್ತಿದೆ. ಲ್ಯೂಬಾಳೂ ಒತ್ತಿದಳು. ಒಂದರ ಕೆಳಗೊಂದು ಬತ್ತಿ ಬಂದು ಬಂದು, ಅವಳು ಬರೆದ ಮಾತು ಮೇಲೆ ಮೇಲೆ ಸರಿದು, ಪರದೆಯಿಂದಾಚೆ ಹೋಯಿತು. ಆಮೇಲೂ ನಾವು ಒತ್ತುತ್ತಲೇ ಇದ್ದೆವು.

"ಸದ್ಯ," ಎಂದಳು ಮಾರ್ಚೆಲಾ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು. "ಅಷ್ಟಾದ್ರೂ ಆಯ್ತಲ್ಲ."